ಕೈ ಮೇಲೆ ಗಾಯ ಕಂಡ್ರೆ ಆಣೆ ಮಾಡಿಸ್ಬೇಡಿ, ಅದಕ್ಕೆ ಮುಂಚೆ ಏನಾಯ್ತು ಅಂತ ಕೇಳಿ

ನನ್ನ ತಮ್ಮ ಸೆಕೆಂಡ್ ಪಿಯುಸಿಲಿ ಇದ್ದಾಗ ಒಂದಿನ ಒಗೆಯೋ ಬಟ್ಟೆ ಎತ್ಕೊಳಕ್ಕೆ ಅವನ ರೂಮಿಗೆ ಹೋದೆ, ಅವನು ಶರ್ಟ್ ಬದಲಾಯಿಸ್ತಿದ್ದ, ತೋಳು ಕಾಣಿಸ್ತು. ಅವನೇ ಮಾಡ್ಕೊಂಡಿದ್ದ ಗಾಯಗಳು, ಕೆಲವು ಹಳೇವು, ಕೆಲವು ಹೊಸಾವು. ನನಗೆ ಕಾಲ್ ಕೆಳಗಿನ ನೆಲಾನೇ ಕುಸ್ದಂಗಾಯ್ತು, ಏನ್ ಮಾಡ್ಬೇಕು ಅಂತಾನೇ ತೋಚ್ಲಿಲ್ಲ, ಅವನ ಕೈ ಹಿಡ್ಕೊಂಡು ದೇವರ ಮನೆ ಮುಂದೆ ಎಳ್ಕೊಂಡ್ ಹೋಗಿ ಅಮ್ಮನ ಮೇಲೆ ಆಣೆ ಮಾಡು, ಇನ್ಮೇಲೆ ಹಿಂಗ್ ಮಾಡಲ್ಲ ಅಂತ ಹೇಳು ಅಂದೆ. ಹೇಳ್ದ. ಆ ಆಣೆ ಆರು ದಿನ ಇತ್ತು. ಏಳನೇ ದಿನ ಮತ್ತೆ ಮಾಡ್ಕೊಂಡ, ಆದ್ರೆ ಈ ಸಲ ತಲೆ ಮೇಲೆ ಇನ್ನೊಂದು ಭಾರ ಸೇರ್ಕೊಂಡಿತ್ತು, ಅಮ್ಮನ ಮೇಲಿನ ಆಣೆ ಮುರ್ದುಬಿಟ್ಟೆ, ಅಮ್ಮಂಗೆ ಏನಾದ್ರೂ ಆದ್ರೆ ನಾನೇ ಕಾರಣ ಅಂತ. ಇದನ್ನ ಅವನು ಬಾಯಿ ಬಿಟ್ಟು ಹೇಳಿದ್ದು ಒಂದೂವರೆ ವರ್ಷ ಆದ್ಮೇಲೆ.

ಈಗ ಅವನಿಗೆ 22. ಅವನನ್ನ ಕೇಳೇ ಇದನ್ನ ಬರೀತಿದೀನಿ, ಬರ್ದಿದ್ದನ್ನ ಅವನಿಗೆ ಓದಿನೂ ಹೇಳಿದೀನಿ. ನಾನು ಡಾಕ್ಟರ್ ಅಲ್ಲ, ವಿಜಯನಗರದ ಒಂದು ಬಾಡಿಗೆ ಮನೇಲಿ ಈ ಕಷ್ಟ ನೋಡಿರೋ ಅಕ್ಕ ಅಷ್ಟೆ. ಆದ್ರೆ ಆ ಮೊದಲನೇ ದಿನ ನನಗೆ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು ಅನ್ನೋ ಅಷ್ಟೂ ವಿಷಯ ಇಲ್ಲಿದೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಈಗ್ಲೇ ಯಾರಾದ್ರೂ ಪ್ರಾಣಕ್ಕೆ ಅಪಾಯ ಆಗೋ ಹಾಗಿದ್ರೆ ಓದ್ತಾ ಕೂರ್ಬೇಡಿ, 108ಕ್ಕೋ 112ಕ್ಕೋ ಕಾಲ್ ಮಾಡಿ, ಆಂಬುಲೆನ್ಸ್ ಲೇಟಾಗತ್ತೆ ಅನ್ಸಿದ್ರೆ ಆಟೋ ಹಿಡ್ದು ಹತ್ತಿರದ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಅವರನ್ನ ಒಂಟಿಯಾಗಿ ಮಾತ್ರ ಬಿಡ್ಬೇಡಿ. ಅಷ್ಟು ತುರ್ತಿಲ್ಲ ಆದ್ರೆ ಈಗ್ಲೇ ಯಾರ ಹತ್ರಾದ್ರೂ ಮಾತಾಡ್ಬೇಕು ಅಂದ್ರೆ 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಫ್ರೀ, 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು.

ಇದು ಏನು, ಯಾಕೆ ಮಾಡ್ಕೊತಾರೆ

ನಮ್ಮನೇಲಿ ಒಬ್ಬೊಬ್ರು ಒಂದೊಂದು ಹೇಳಿದ್ರು. ಅಜ್ಜಿ ದೃಷ್ಟಿ ಆಗಿದೆ ಅಂದ್ರು, ಅಪ್ಪ ಮೊಬೈಲ್ ನೋಡಿ ಕಲ್ತಿದಾನೆ ಅಂದ್ರು, ಮಾವ ಒಬ್ರು ಯಾವುದೋ ಹುಡುಗಿ ವಿಷಯ ಇರತ್ತೆ ಬಿಡಿ ಅಂದ್ರು, ಎಲ್ಲರ ಗಮನ ಸೆಳೆಯೋಕೆ ಮಾಡ್ತಿದಾನೆ ಅಂತ್ಲೂ ಮಾತು ಬಂತು. ಗಮನ ಸೆಳೆಯೋರು ಯಾರಾದ್ರೂ ಏಪ್ರಿಲ್ ಬಿಸಿಲಲ್ಲಿ ಫುಲ್ ತೋಳಿನ ಶರ್ಟ್ ಹಾಕ್ಕೊಂಡು ಮುಚ್ಚಿಟ್ಕೊತಾರಾ? ಹೆಚ್ಚಿನವರು ಇದನ್ನ ವರ್ಷಗಟ್ಟಲೆ ಬಚ್ಚಿಡ್ತಾರೆ. ಮತ್ತೆ ಯಾರಾದ್ರೂ ಬೇಕಂತ್ಲೇ ತೋರಿಸಿದ್ರೂ, ನನ್ನನ್ನ ನೋಡಿ ಅಂತ ಕೇಳೋಕೆ ಒಂದು ಮಗೂಗೆ ಗಾಯಾನೇ ತೋರಿಸ್ಬೇಕಾಯ್ತು ಅಂದ್ರೆ ಆಗ ಅದನ್ನ ನೋಡ್ಲೇಬೇಕಲ್ವಾ.

ನನಗೆ ಅರ್ಥ ಆಗಿದ್ದು ಹೀಗೆ. ಒಳಗಡೆ ಸಂಕಟ, ಸಿಟ್ಟು, ನಾಚಿಕೆ, ಭಯ ಎಲ್ಲ ಒಟ್ಟಿಗೆ ಉಕ್ಕಿ ಬರತ್ತೆ, ಕುಕ್ಕರ್ ಸೀಟಿ ಹೊಡಿಯೋಕಾಗ್ದೆ ಒಳಗೇ ಕುದೀತಿದ್ದಂಗೆ, ಹೇಳ್ಕೊಳ್ಳೋಕೆ ಮಾತಿಲ್ಲ, ಹೇಳಿದ್ರೂ ಕೇಳೋರಿಲ್ಲ ಅನ್ಸತ್ತೆ. ಮೈಗೆ ನೋವಾದಾಗ ಸ್ವಲ್ಪ ಹೊತ್ತು ಮನಸ್ಸಿನ ಗಲಾಟೆ ನಿಂತಂಗಾಗತ್ತೆ. ಇನ್ ಕೆಲವ್ರಿಗೆ ಉಲ್ಟಾ, ಏನೂ ಅನ್ಸೋದೇ ಇಲ್ಲ, ಮರಗಟ್ಟಿದಂಗಿರತ್ತೆ, ಏನಾದ್ರೂ ಅನ್ಸಲಿ ಅಂತ ಮಾಡ್ಕೊತಾರೆ. ಇನ್ ಕೆಲವ್ರು ತಮಗೆ ತಾವೇ ಶಿಕ್ಷೆ ಕೊಟ್ಕೊತಾರೆ. ಆ ಸಮಾಧಾನ ಬಹಳ ಹೊತ್ತು ಇರಲ್ಲ, ಅದರ ಹಿಂದೇನೇ ನಾಚಿಕೆ ಬರತ್ತೆ, ಛೇ ಮತ್ತೆ ಮಾಡ್ಕೊಂಡ್ನಲ್ಲ ಅಂತ, ಆ ನಾಚಿಕೆನೇ ಮುಂದಿನ ಸಲಕ್ಕೆ ಕಾರಣ ಆಗತ್ತೆ. ಈ ಸುತ್ತು ಗೊತ್ತಾದ್ಮೇಲೆ ನಾನು ಮಾಡಿಸಿದ ಆಣೆ ಯಾಕೆ ತಪ್ಪು ಅಂತ ಗೊತ್ತಾಯ್ತು. ನಾನು ಕಿತ್ಕೊಂಡಿದ್ದು ಅವನಿಗೆ ಗೊತ್ತಿದ್ದ ಒಂದೇ ಒಂದು ದಾರಿ, ಬದಲಿಗೆ ಕೊಟ್ಟಿದ್ದು ಇನ್ನಷ್ಟು ನಾಚಿಕೆ.

ಸಾಮಾನ್ಯವಾಗಿ ಇದು 12ರಿಂದ 14ನೇ ವಯಸ್ಸಿನ ಆಸುಪಾಸಲ್ಲಿ ಶುರುವಾಗತ್ತೆ. ಹುಡುಗೀರು ಮಾತ್ರ ಮಾಡ್ಕೊತಾರೆ ಅನ್ನೋದು ಸುಳ್ಳು. ಹುಡುಗರದ್ದು ಎಷ್ಟೋ ಸಲ ಗೊತ್ತೇ ಆಗಲ್ಲ, ಗೋಡೆಗೆ ಕೈ ಗುದ್ಕೊಂಡ್ರೆ ಸಿಟ್ಟಿನ ಸ್ವಭಾವ ಅಂತೀವಿ, ಮುಗೀತು. ಕಾರಣ ಒಂದೇ ಇರಲ್ಲ, ಓದಿನ ಒತ್ತಡ, ಮನೆ ಜಗಳ, ರ‍್ಯಾಗಿಂಗ್, ಕ್ಲಾಸಲ್ಲಿ ಆಡ್ಕೊಳ್ಳೋದು, ಲೈಂಗಿಕ ದೌರ್ಜನ್ಯ, ಡಿಪ್ರೆಶನ್, ತಾನು ಬೇರೆ ಥರ ಇದೀನಿ ಅಂತ ಮನೇಲಿ ಹೇಳೋಕಾಗ್ದೇ ಇರೋದು, ಯಾವುದಾದ್ರೂ ಇರ್ಬೋದು.

ಸಾಯೋಕೆ ಹೊರಟಿದಾರಾ ಅಂದ್ರೆ, ಬಹಳಷ್ಟು ಸಲ ಅಲ್ಲ, ಬದುಕೋಕೇ ಒಂದು ದಾರಿ ಅಂದ್ಕೊಂಡು ಮಾಡ್ಕೊತಿರ್ತಾರೆ. ಆದ್ರೆ ಹಾಗಂತ ನಿರಾಳ ಆಗ್ಬೇಡಿ. ಹೀಗೆ ಗಾಯ ಮಾಡ್ಕೊಳ್ಳೋರಲ್ಲಿ ಮುಂದೆ ಆತ್ಮಹತ್ಯೆ ಅಪಾಯ ಬೇರೆಯವರಿಗಿಂತ ಜಾಸ್ತಿ, ಅದೂ ನಿಜಾನೇ. ಅದಕ್ಕೇ ನೇರವಾಗಿ ಕೇಳ್ಬೇಕು.

ಮೊದಲನೇ ಮಾತು

ಕಂಡ ತಕ್ಷಣ ಮಾತಾಡ್ಲೇಬೇಕು ಅಂತೇನಿಲ್ಲ, ಗಾಯ ದೊಡ್ಡದಿಲ್ಲ ಅಂದ್ರೆ ಒಂದ್ ಲೋಟ ನೀರು ಕುಡ್ದು ನಿಮ್ಮ ಕೈ ನಡುಕ ನಿಂತ್ಮೇಲೆ ಹೋಗಿ. ಡೈನಿಂಗ್ ಟೇಬಲ್ ಮುಂದೆ ಕೂರಿಸಿ ಅಪ್ಪ ಅಮ್ಮ ಅಜ್ಜಿ ಎಲ್ಲ ಸೇರಿ ವಿಚಾರಣೆ ಮಾಡ್ಬೇಡಿ. ನಮಗೆ ಕೊನೆಗೆ ಕೆಲಸ ಮಾಡಿದ್ದು ಸ್ಕೂಟಿ. ಹಿಂದೆ ಕೂತ್ಕೊಂಡು ಮಾತಾಡೋವಾಗ ಮುಖ ನೋಡೋ ಹಾಗಿರಲ್ಲ, ಅದು ಅವನಿಗೆ ಸುಲಭ ಆಯ್ತು. ಮಾಗಡಿ ರೋಡ್ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ನಾನಂದೆ, "ನಿನ್ ಕೈ ನೋಡ್ದೆ ಕಣೋ. ಬೈಯಲ್ಲ. ನಿನಗೆ ತುಂಬಾ ಕಷ್ಟ ಆಗ್ತಿದೆ ಅಂತ ಗೊತ್ತಾಯ್ತು. ಈಗ ಹೇಳ್ಬೇಕು ಅಂತಿಲ್ಲ, ಯಾವಾಗ ಹೇಳಿದ್ರೂ ನಾನಿದೀನಿ." ಅವನು ಏನೂ ಮಾತಾಡ್ಲಿಲ್ಲ. ಮಾರನೇ ದಿನ ರಾತ್ರಿ ಹನ್ನೊಂದೂವರೆಗೆ ಬಂದು ನನ್ನ ಮಂಚದ ತುದೀಲಿ ಕೂತ.

ಯಾಕೆ ಮಾಡ್ಕೊಂಡೆ ಅನ್ನೋ ಪ್ರಶ್ನೆ ಬೇಡ, ಅದು ಯಾವತ್ತೂ ಆರೋಪದ ಥರಾನೇ ಕೇಳ್ಸತ್ತೆ, ಅವರಿಗೂ ಉತ್ತರ ಗೊತ್ತಿರಲ್ಲ. ನಾವು ನಿನಗೇನ್ ಕಮ್ಮಿ ಮಾಡಿದೀವಿ ಅನ್ನೋದಂತೂ ಬೇಡ್ವೇ ಬೇಡ. ಪಕ್ಕದ್ಮನೆ ಹುಡುಗನ ಹೋಲಿಕೆ ಬೇಡ, ಕೈ ತೋರ್ಸು ಅಂತ ದಿನಾ ಚೆಕ್ ಮಾಡೋದು ಬೇಡ, ನೆಂಟರಿಗೆಲ್ಲ ಫೋನ್ ಮಾಡಿ ಹೇಳೋದು ಬೇಡ. ಫೋನ್ ಕಿತ್ಕೊಳ್ಳೋದೂ ಅಷ್ಟೆ, ಅವರಿಗೆ ಧೈರ್ಯ ಹೇಳ್ತಿರೋ ಒಬ್ಬ ಫ್ರೆಂಡ್ ಆ ಫೋನಲ್ಲೇ ಇರ್ಬೋದು.

ಆತ್ಮಹತ್ಯೆ ಬಗ್ಗೆ ಕೇಳೋದು ನನಗೆ ತುಂಬಾ ಕಷ್ಟ ಆಯ್ತು, ಬಾಯಿಗೆ ಬರ್ತಾನೇ ಇರ್ಲಿಲ್ಲ, ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದಂಗಾಗತ್ತೆ ಅಂತ ಭಯ. ಹಾಗಾಗಲ್ಲ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ, ಇದ್ರೆ ಹೊರಗೆ ಬರತ್ತೆ ಅಂತ ಮನೋವೈದ್ಯರೇ ಹೇಳ್ತಾರೆ. "ಬದುಕೋದೇ ಬೇಡ ಅಂತ ಅನ್ಸತ್ತಾ? ಸಾಯೋ ಯೋಚನೆ ಬರತ್ತಾ?" ಹೀಗೆ ಸುತ್ತಿ ಬಳಸ್ದೇ ಕೇಳಿ. ಹೌದು ಅಂದ್ರೆ, ಹೇಗೆ ಯಾವಾಗ ಅಂತ ಮನಸ್ಸಲ್ಲಿ ಲೆಕ್ಕ ಹಾಕಿದಾರೆ ಅಂತ ಗೊತ್ತಾದ್ರೆ ಅದು ಅವತ್ತೇ ಡಾಕ್ಟರ್ ಹತ್ರ ಹೋಗ್ಬೇಕಾದ ವಿಷಯ, ನಾಳೆ ನೋಡೋಣ ಅನ್ನೋದಲ್ಲ.

ಆ ಹದಿನೈದು ನಿಮಿಷ

ನಮಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಇದೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ತಮ್ಮನ್ನ ನೋಡ್ತಿದ್ದ ಸೈಕಾಲಜಿಸ್ಟ್ ಮೇಡಂ ಗಾಯದ ಬಗ್ಗೆ ಬಹಳ ಮಾತೇ ಆಡ್ಲಿಲ್ಲ, ಅದಕ್ಕೆ ಮುಂಚಿನ ಹದಿನೈದು ನಿಮಿಷ ಏನಾಯ್ತು, ಅದಕ್ಕೂ ಮುಂಚೆ ಏನಾಯ್ತು, ಬೆಳಿಗ್ಗೆ ತಿಂಡಿ ತಿಂದಿದ್ಯಾ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದ್ರು. ಅವನು ಒಂದು ನೋಟ್‌ಬುಕ್‌ನಲ್ಲಿ ಬರ್ಕೊಳ್ಳೋಕೆ ಶುರು ಮಾಡ್ದ. ಗಾಯದ ಲೆಕ್ಕ ಅಲ್ಲ, ಮಾಡ್ಕೋಬೇಕು ಅನ್ಸಿದಾಗೆಲ್ಲ ಅದಕ್ಕೆ ಮುಂಚೆ ಏನಾಯ್ತು ಅನ್ನೋದು ಮಾತ್ರ, ಮಾಡ್ಕೊಂಡ್ನೋ ಬಿಟ್ನೋ ಅದು ಆಮೇಲಿನ ಮಾತು.

ಮೂರು ವಾರಕ್ಕೆ ಒಂದು ಚಿತ್ರ ಸಿಕ್ತು. ನಾವೆಲ್ಲ ಸಿಇಟಿ ಟೆನ್ಶನ್ ಅಂದ್ಕೊಂಡಿದ್ವಿ. ಬುಕ್ಕಲ್ಲಿ ಇದ್ದಿದ್ದು ಬೇರೆ. ಟ್ಯೂಷನ್‌ನಲ್ಲಿ ವಾರದ ಟೆಸ್ಟ್ ಮಾರ್ಕ್ಸ್ ಎಲ್ಲರ ಹೆಸರಿನ ಜೊತೆ ವಾಟ್ಸಾಪ್ ಗ್ರೂಪಿಗೆ ಹಾಕ್ತಿದ್ರು, ಅದು ಬರ್ತಿದ್ದಿದ್ದು ಭಾನುವಾರ ರಾತ್ರಿ, ಅಪ್ಪನೂ ಆ ಗ್ರೂಪಲ್ಲಿ ಇದ್ರು. ಅಪ್ಪ ಬಿಎಂಟಿಸಿಲಿ ಕಂಡಕ್ಟರ್, ಸೆಕೆಂಡ್ ಶಿಫ್ಟ್ ಮುಗ್ಸಿ ರಾತ್ರಿ ಬಂದು ಊಟ ಮಾಡ್ತಾ ಆ ಲಿಸ್ಟ್ ನೋಡಿ ಏನೂ ಹೇಳ್ತಿರ್ಲಿಲ್ಲ, ಫೋನ್ ಉಲ್ಟಾ ಮಾಡಿ ಇಡ್ತಿದ್ರು ಅಷ್ಟೆ. ಆ ಫೋನ್ ಉಲ್ಟಾ ಇಡೋ ಶಬ್ದ ಅವನಿಗೆ ಸಾಕಾಗಿತ್ತು. ಅಪ್ಪಂಗೆ ಇದು ಗೊತ್ತಾದಾಗ ಅವರು ಅತ್ತಿದ್ದನ್ನ ನಾನು ಮೊದಲ ಸಲ ನೋಡಿದ್ದು, ಅವರು ಸುಸ್ತಾಗಿ ಇಡ್ತಿದ್ರು ಪಾಪ. ಅವರು ಆ ಗ್ರೂಪಿಂದ ಹೊರಗೆ ಬಂದ್ರು, ಭಾನುವಾರ ರಾತ್ರಿ ತಮ್ಮ ನನ್ನ ರೂಮಲ್ಲಿ ಮಲಗೋಕೆ ಶುರು ಮಾಡ್ದ. ಎಲ್ಲಾ ಸರಿ ಹೋಯ್ತು ಅಂತಲ್ಲ, ಆದ್ರೆ ಭಾನುವಾರಗಳು ಸ್ವಲ್ಪ ಹಗುರ ಆದ್ವು.

ನಿಮ್ಮ ಮನೇಲಿ ಭಾನುವಾರ ಇರಲ್ಲ, ಬೇರೆ ಏನೋ ಇರತ್ತೆ. ಹುಡುಕ್ಬೇಕು. ನಿದ್ದೆಗೆಟ್ಟ ರಾತ್ರಿ, ಹೊಟ್ಟೆ ಹಸಿವು, ಒಬ್ರೇ ಇರೋ ಟೈಮು, ಇವು ಎಷ್ಟೋ ಜನರ ಬುಕ್ಕಲ್ಲಿ ಇರತ್ತೆ.

ನಿನಗೇ ಆ ಒತ್ತಡ ಬಂದಾಗ

ಇಷ್ಟು ಹೊತ್ತು ಮನೆಯವರ ಹತ್ರ ಮಾತಾಡ್ತಿದ್ದೆ, ಇದು ನಿನಗೆ. ಇದರಲ್ಲಿ ಬಹಳಷ್ಟು ನನ್ನ ತಮ್ಮ ಹೇಳಿ ಬರೆಸಿದ್ದು.

ಗಾಯ ಮಾಡ್ಕೊಳ್ಲೇಬೇಕು ಅನ್ನೋ ಈ ಒತ್ತಡ ಅಲೆ ಥರ, ಏರತ್ತೆ, ತುದಿ ಮುಟ್ಟತ್ತೆ, ಇಳಿಯತ್ತೆ. ತುದೀಲಿದ್ದಾಗ ಇದು ಯಾವತ್ತೂ ಇಳಿಯಲ್ಲ ಅನ್ಸತ್ತೆ, ಆದ್ರೆ ಇಳಿಯತ್ತೆ. ಅದಕ್ಕೆ ಜನ್ಮಪೂರ್ತಿ ಬಿಟ್ಬಿಡ್ತೀನಿ ಅಂತ ಲೆಕ್ಕ ಹಾಕ್ಬೇಡ, ಹದಿನೈದು ನಿಮಿಷ ಮುಂದಕ್ಕೆ ಹಾಕು. ಫೋನಲ್ಲಿ ಟೈಮರ್ ಇಡು. ಮುಗ್ದ್ಮೇಲೆ ಇನ್ನೊಂದು ಹದಿನೈದು.

ಆ ಹೊತ್ತಲ್ಲಿ ಮೊದಲು ಜಾಗ ಬದಲಾಯಿಸು. ರೂಮಿಂದ ಹಾಲಿಗೆ ಬಂದು ಅಮ್ಮ ಸೀರಿಯಲ್ ನೋಡ್ತಿದ್ರೆ ಪಕ್ಕ ಹೋಗಿ ಕೂತ್ಕೋ, ಏನೂ ಮಾತಾಡ್ಬೇಕಿಲ್ಲ. ತಣ್ಣೀರಲ್ಲಿ ಮುಖ ತೊಳ್ಕೋ, ಇಲ್ಲಾಂದ್ರೆ ಟಬ್ಬಲ್ಲಿ ತಣ್ಣೀರು ಹಾಕಿ ಉಸಿರು ಹಿಡ್ದು ಸ್ವಲ್ಪ ಹೊತ್ತು ಮುಖ ಇಡು, ಮುಖಕ್ಕೆ ತಣ್ಣೀರು ಬಿದ್ದಾಗ ಎದೆಬಡಿತ ನಿಧಾನ ಆಗೋದು ದೇಹದ ಸ್ವಭಾವಾನೇ, ಅದಕ್ಕೇ ಕೆಲಸ ಮಾಡತ್ತೆ (ಹಾರ್ಟ್ ತೊಂದರೆ ಇದ್ರೆ ಅಥವಾ ಊಟ ಬಿಟ್ಟು ತುಂಬಾ ಸೊರಗಿದ್ರೆ ಇದು ಬೇಡ). ಉಸಿರು ಒಳಗೆ ತಗೊಳ್ಳೋದಕ್ಕಿಂತ ಹೊರಗೆ ಬಿಡೋದು ಉದ್ದ ಇರ್ಲಿ. ಟೆರೇಸು, ಬಾಲ್ಕನಿ ಕಡೆ ಹೋಗ್ಬೇಡ, ಕೆಳಗೆ ರಸ್ತೆಗೆ ಇಳಿ, ಅಂಗಡಿ ತನಕ ಜೋರಾಗಿ ನಡ್ದು ಬಾ, ಯಾರನ್ನಾದ್ರೂ ಜೊತೆಗೆ ಕರ್ಕೊಂಡ್ರೆ ಇನ್ನೂ ಒಳ್ಳೇದು. ತಮ್ಮ ಚಪಾತಿ ಹಿಟ್ಟು ನಾದ್ತಿದ್ದ, ಎಷ್ಟೋ ರಾತ್ರಿ ನಮ್ಮನೆ ಫ್ರಿಜ್‌ನಲ್ಲಿ ಬೇಡದಷ್ಟು ಹಿಟ್ಟು ಇರ್ತಿತ್ತು, ಅಮ್ಮ ಒಂದಿನಾನೂ ಯಾಕಪ್ಪ ಅಂತ ಕೇಳ್ಲಿಲ್ಲ.

ಇದರ ಬದಲು ರಬ್ಬರ್ ಬ್ಯಾಂಡ್ ಎಳ್ಕೊಂಡು ಬಿಡೋದು ಅಂತೆಲ್ಲ ರೀಲ್ಸ್‌ನಲ್ಲಿ ಹೇಳ್ತಾರೆ. ಕೆಲವ್ರಿಗೆ ಆಗಿರ್ಬೋದು, ಆದ್ರೆ ನನ್ನ ಅಭಿಪ್ರಾಯದಲ್ಲಿ ಬೇಡ, ಸಂಕಟ ಆದ್ರೆ ನೋವು ಕೊಟ್ಕೋ ಅನ್ನೋ ಪಾಠಾನೇ ಅದೂ ಹೇಳ್ಕೊಡೋದು.

ಮನಸ್ಸು ತಿಳಿಯಾಗಿದ್ದಾಗ ಒಂದು ಚೀಟಿ ಬರ್ದಿಟ್ಕೋ: ಒತ್ತಡ ಬರ್ತಿದೆ ಅಂತ ನನಗೆ ಹೇಗೆ ಗೊತ್ತಾಗತ್ತೆ, ನಾನೊಬ್ನೇ ಏನ್ ಮಾಡ್ಬೋದು, ಯಾರ ಹತ್ರ ಹೋಗಿ ಸುಮ್ನೆ ಕೂರ್ಬೋದು, ಯಾರಿಗೆ ನಿಜ ಹೇಳ್ಬೋದು, ಕೊನೆಗೆ 14416. ತಲೆ ಕೆಟ್ಟಾಗ ಯೋಚನೆ ಓಡಲ್ಲ, ಆಗ ಚೀಟಿ ಓದಿದ್ರೆ ಸಾಕು.

ಮನೇಲಿ ಮಾಡ್ಬೇಕಾದ್ದು

ಮಾತ್ರೆಗಳನ್ನೆಲ್ಲ, ಅಜ್ಜಿ ಶುಗರ್ ಬಿಪಿ ಮಾತ್ರೆನೂ ಸೇರಿ, ಬೀಗ ಹಾಕಿರೋ ಕಪಾಟಲ್ಲಿಡಿ. ಜಿರಲೆ ಔಷಧಿ, ಫಿನಾಯಿಲ್, ಹರಿತವಾದ ಸಾಮಾನು ಕೈಗೆ ಸುಲಭಕ್ಕೆ ಸಿಗದ ಹಾಗೆ ಮಾಡಿ. ಮನೆ ತುಂಬ ಹುಡುಕಾಟ ನಡೆಸಿ ಅವಮಾನ ಮಾಡಿ ಅಲ್ಲ, ಅವರಿಗೆ ಹೇಳೇ ಎತ್ತಿಡಿ, "ಆ ಹೊತ್ತಲ್ಲಿ ಕೈಗೆ ಸಿಗ್ದೆ ಇರ್ಲಿ ಅಂತ ಎತ್ತಿಡ್ತಿದೀನಿ ಮಗಾ" ಅಂತ. ಅಲೆ ಇಳಿಯೋ ತನಕ ಟೈಮ್ ಸಿಗ್ಲಿ ಅಂತ ಇದನ್ನ ಮಾಡೋದು, ನಂಬಿಕೆ ಇಲ್ಲ ಅಂತಲ್ಲ.

ಗಾಯ ಆಗಿದ್ರೆ ಬೇರೆ ಯಾವ ಗಾಯ ಆದ್ರೂ ಹೇಗೆ ನೋಡ್ತೀರೋ ಹಾಗೇ ನೋಡಿ, ನೀರಲ್ಲಿ ತೊಳ್ದು, ಶುದ್ಧ ಬಟ್ಟೆ ಒತ್ತಿ ಹಿಡ್ದು, ಬ್ಯಾಂಡೇಜ್ ಹಾಕಿ, ಆ ಹೊತ್ತಲ್ಲಿ ಭಾಷಣ ಬೇಡ. ರಕ್ತ ನಿಲ್ಲಲ್ಲ, ಗಾಯ ಆಳ ಇದೆ, ಬಾಯಿ ಬಿಟ್ಕೊಂಡಿದೆ, ಕೀವಾಗಿದೆ ಅಂದ್ರೆ ಆಸ್ಪತ್ರೆ, ಟಿಟಿ ಇಂಜೆಕ್ಷನ್ ಬೇಕಾ ಅಂತ್ಲೂ ಕೇಳಿ. ಮಾತ್ರೆ ಅಥವಾ ಏನಾದ್ರೂ ನುಂಗಿದ್ರೆ, ಆರಾಮಾಗಿದೀನಿ ಅಂತ ನಗ್ತಾ ಕೂತಿದ್ರೂ, ತಕ್ಷಣ ಎಮರ್ಜೆನ್ಸಿಗೆ, ಖಾಲಿ ಶೀಟು ಬಾಟಲಿ ಜೊತೆಗೆ ತಗೊಂಡು. ಕೆಲವು ಔಷಧಿಗಳ ತೊಂದರೆ ಒಂದಿನ ಆದ್ಮೇಲೆ ಗೊತ್ತಾಗತ್ತೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗ್ಬೇಡಿ.

ಬೆಂಗಳೂರಲ್ಲಿ ಎಲ್ಲಿಗೆ ಹೋಗೋದು

ನಮ್ಮೂರಲ್ಲಿ ಒಬ್ರನ್ನ ಆಡ್ಕೋಬೇಕು ಅಂದ್ರೆ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವನನ್ನ ಅಂತೀವಿ. ಆ ಒಂದು ಮಾತಿಂದ ನಮ್ಮ ಮನೇಲಿ ಎರಡು ತಿಂಗಳು ಹಾಳಾಯ್ತು, ಅಲ್ಲಿಗೆ ಹೋದ್ರೆ ಹುಚ್ಚ ಅಂತಾರೆ, ಕೆಳಗಿನ ಮನೆ ಓನರ್‌ಗೆ ಗೊತ್ತಾದ್ರೆ ಏನಂತಾರೆ ಅಂತ. 1974ರಲ್ಲಿ ಹಳೇ ಮಾನಸಿಕ ಆಸ್ಪತ್ರೆನೂ ಸಂಶೋಧನಾ ಸಂಸ್ಥೆನೂ ಒಂದಾಗಿ ಆದ ಅದೇ ನಿಮ್ಹಾನ್ಸ್‌ಗೆ ಇಡೀ ದೇಶದಿಂದ ಜನ ರೈಲು ಹತ್ತಿ ಬರ್ತಾರೆ, ನಮಗೆ ಬಸ್ ದೂರದಲ್ಲಿದೆ. ಹೊಸೂರು ರಸ್ತೇಲಿದೆ, ಮಕ್ಕಳಿಗೆ ಮತ್ತೆ ಹದಿಹರೆಯದವರಿಗೆ ಬೇರೆ ವಿಭಾಗಾನೇ ಇದೆ, ಎಮರ್ಜೆನ್ಸಿ 24 ಗಂಟೆ ಇರತ್ತೆ. ಓಪಿಡಿಗೆ ಬೆಳಿಗ್ಗೆ ಬೇಗ ಹೋಗಿ, ಕ್ಯೂ ಇರತ್ತೆ, ಅರ್ಧ ದಿನ ಹೋಗತ್ತೆ ಅಂತಾನೇ ಅಂದ್ಕೊಂಡು ಟಿಫನ್ ಬಾಕ್ಸ್ ತಗೊಂಡು ಹೋಗಿ. 18 ತುಂಬಿಲ್ಲ ಅಂದ್ರೆ ಅಪ್ಪನೋ ಅಮ್ಮನೋ ಜೊತೆಗಿರ್ಬೇಕು. ಅಷ್ಟು ದೊಡ್ಡ ಜಾಗಕ್ಕೆ ಮೊದಲೇ ಹೋಗೋಕೆ ಮನಸ್ಸಿಲ್ಲ ಅಂದ್ರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ವಿಕ್ಟೋರಿಯಾ ಆಸ್ಪತ್ರೇಲೂ ಸೈಕಿಯಾಟ್ರಿ ಇದೆ. 14416 ಶುರುವಾಗಿದ್ದು 2022ರ ಅಕ್ಟೋಬರ್ 10ಕ್ಕೆ, ಅದಕ್ಕೂ ನಿಮ್ಹಾನ್ಸೇ ಮುಖ್ಯ ಕೇಂದ್ರ, ನಿಮ್ಮ ಹತ್ರ ಎಲ್ಲಿ ತೋರಿಸ್ಬೋದು ಅಂತ ಅವರನ್ನೇ ಕೇಳ್ಬೋದು. ಮಗುವಿಗೆ ಮನೆಯೊಳಗೇ ಯಾರಿಂದಾದ್ರೂ ಹಿಂಸೆ ಆಗ್ತಿದ್ರೆ 1098, ಮಕ್ಕಳ ಸಹಾಯವಾಣಿ.

ಪ್ರೈವೇಟಲ್ಲಿ ತೋರಿಸೋದಾದ್ರೆ ಒಂದು ಎಚ್ಚರಿಕೆ, ಈ ಊರಲ್ಲಿ ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಂಡಿರೋರು ಬಹಳ. ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ರಿಜಿಸ್ಟ್ರೇಷನ್ ಇರತ್ತೆ, ಸಂಕೋಚ ಇಲ್ದೆ ಕೇಳಿ. ಸೈಕಿಯಾಟ್ರಿಸ್ಟ್ ಅಂದ್ರೆ ಮಾತ್ರೆ ಬರೆಯೋ ಎಂಬಿಬಿಎಸ್ ಓದಿರೋ ಡಾಕ್ಟರ್. ಗಾಯ ಮಾಡ್ಕೊಳ್ಳೋದು ನಿಲ್ಲಿಸೋ ಮಾತ್ರೆ ಅಂತ ಒಂದಿಲ್ಲ, ಹಿಂದೆ ಡಿಪ್ರೆಶನ್ನೋ ಆತಂಕಾನೋ ಇದ್ರೆ ಅದಕ್ಕೆ ಕೊಡ್ತಾರೆ. ಮಾತಿನ ಚಿಕಿತ್ಸೆಯಲ್ಲಿ ಡಿಬಿಟಿ ಅಂತ ಒಂದಿದೆ, ಉಕ್ಕಿ ಬರೋ ಭಾವನೆಗಳನ್ನ ಸಂಭಾಳಿಸೋದು ಹೇಗೆ ಅಂತ ಒಂದೊಂದೇ ಕಲಿಸ್ತಾರೆ, ಹದಿಹರೆಯದವರಿಗೆ ಒಳ್ಳೇ ಫಲ ಕೊಟ್ಟಿದೆ. ಮೊದಲನೇ ಡಾಕ್ಟರ್ ಇಷ್ಟ ಆಗ್ಲಿಲ್ಲ ಅಂದ್ರೆ ಇನ್ನೊಬ್ರ ಹತ್ರ ಹೋಗಿ. ನಾವು ಮೊದಲು ಹೋದ ಕಡೆ ಐದೇ ನಿಮಿಷದಲ್ಲಿ ಧ್ಯಾನ ಮಾಡು ಅಂತ ಹೇಳಿ ಕಳಿಸಿದ್ರು, ಅವನು ಆಮೇಲೆ ಎಲ್ಲಿಗೂ ಬರಲ್ಲ ಅಂತ ಹಠ ಹಿಡ್ದ, ಒಪ್ಸೋಕೆ ಮೂರು ವಾರ ಬೇಕಾಯ್ತು.

ಪೊಲೀಸ್ ಕೇಸ್ ಆಗತ್ತೆ ಅನ್ನೋ ಭಯಕ್ಕೆ ಎಷ್ಟೋ ಮನೆಯವರು ಆಸ್ಪತ್ರೆಗೇ ಹೋಗಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನ ತೀವ್ರ ಒತ್ತಡದಲ್ಲಿದ್ರು ಅಂತ್ಲೇ ನೋಡ್ಬೇಕು, ಶಿಕ್ಷೆ ಅಲ್ಲ, ಆರೈಕೆ ಕೊಡ್ಬೇಕು. 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನ ಅಪರಾಧ ಅಂತಿದ್ದ ಹಳೇ 309ನೇ ಸೆಕ್ಷನ್ ಇಲ್ವೇ ಇಲ್ಲ. ಎಮರ್ಜೆನ್ಸಿಲಿ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಬರ್ಕೊಂಡ್ರೆ ಅದು ದಾಖಲೆ, ನಿಮ್ಮ ಮಗು ಮೇಲೆ ಹಾಕಿದ ಕೇಸ್ ಅಲ್ಲ.

ಫ್ರೆಂಡ್ ಆಗಿದ್ರೆ

ಹಾಸ್ಟೆಲ್ಲು ಪಿಜಿಗಳಲ್ಲಿ ಮೊದಲು ಗೊತ್ತಾಗೋದು ರೂಮ್‌ಮೇಟ್‌ಗೆ. ಯಾರಿಗೂ ಹೇಳ್ಬೇಡ ಕಣೋ ಅಂತ ಮಾತು ತಗೊತಾರೆ. ಆ ಮಾತು ಕೊಡ್ಬೇಡ. "ನಿನ್ನನ್ನ ಬಿಟ್ಟು ಹೋಗಲ್ಲ, ಆದ್ರೆ ಇದನ್ನ ನಾವಿಬ್ರೇ ಇಟ್ಕೊಳ್ಳೋಕಾಗಲ್ಲ, ಯಾರಿಗೆ ಹೇಳೋಣ ನೀನೇ ಹೇಳು" ಅನ್ನು. ಅಕ್ಕನೋ, ಒಬ್ರು ಲೆಕ್ಚರರೋ, ಚಿಕ್ಕಮ್ಮನೋ, ಆಯ್ಕೆ ಅವರದು. ಪ್ರಾಣದ ವಿಷಯ ಅನ್ಸಿದ್ರೆ ಕೇಳ್ದೇನೂ ಹೇಳು, ಸಿಟ್ಟು ಮಾಡ್ಕೊಂಡ್ರೆ ಮಾಡ್ಕೊಳ್ಲಿ. ರಾತ್ರಿಯೆಲ್ಲ ಒಬ್ಬನೇ ಕಾವಲು ಕೂತು ನಿನ್ನ ಇಂಟರ್ನಲ್ಸ್ ಹಾಳು ಮಾಡ್ಕೊಂಡು ನೀನೂ ಕುಸಿಯೋದು ಬೇಡ, ನೀನೂ 14416ಗೆ ಫೋನ್ ಮಾಡ್ಬೋದು, ಅದು ಕಷ್ಟದಲ್ಲಿರೋರಿಗೆ ಮಾತ್ರ ಅಲ್ಲ, ಅವರ ಜೊತೆಗಿರೋರಿಗೂ ಇದೆ.

ಮತ್ತೆ ಆದಾಗ

ಆಗತ್ತೆ. ನಾಲ್ಕು ತಿಂಗಳು ಏನೂ ಇರ್ಲಿಲ್ಲ, ನಾನು ಒಳಗೊಳಗೇ ಹಬ್ಬ ಮಾಡ್ಕೊತಿದ್ದೆ, ಇಂಜಿನಿಯರಿಂಗ್ ಮೊದಲನೇ ಸೆಮ್‌ನಲ್ಲಿ ಮತ್ತೆ ಮಾಡ್ಕೊಂಡ. ಬಂದು ಅವನೇ ಹೇಳ್ದ. ನನ್ನ ಎದೆ ಒಡ್ದುಹೋಯ್ತು, ಬಾಯಿಗೆ ಬಂದಿದ್ದು "ಮತ್ತೆ ಯಾಕೋ" ಅಂತ, ನುಂಗ್ಕೊಂಡೆ. ಹೇಳಿದ್ದು ಒಳ್ಳೇದಾಯ್ತು ಕಣೋ, ಗಾಯ ತೋರ್ಸು ಮೊದಲು, ಆಮೇಲೆ ಆ ಬುಕ್ ತಗೊಂಡ್ಬಾ ಅಂದೆ. ತೊಳ್ದು ಬ್ಯಾಂಡೇಜ್ ಹಾಕ್ದೆ, ರಾತ್ರಿ ಒಂದು ಗಂಟೆಗೆ ಅಡುಗೆಮನೆ ಕಟ್ಟೆ ಮೇಲೆ ಕೂತ್ಕೊಂಡು, ಅದಕ್ಕೆ ಮುಂಚೆ ಏನಾಗಿತ್ತು ಅಂತ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಊಟ ಬಿಟ್ಟಿದ್ದ ತನಕ ಬಂದ್ವಿ. ಅಷ್ಟು ಹೊತ್ತಿಗೆ ಅಮ್ಮ ಎದ್ದು ಬಂದ್ರು, ನಮ್ಮಿಬ್ರನ್ನೂ ನೋಡಿದ್ರು, ಏನೂ ಕೇಳ್ದೆ ಮೊಸರನ್ನ ಕಲಸೋಕೆ ಪಾತ್ರೆ ತೆಗೆದ್ರು.